ಕುಸ್ತಿ ಸಮ ಆಗಿತ್ತಲ್ಲ, ಗಾಮಾಗೆ ಬೆಲ್ಟ್ ಹೇಗೆ ಸಿಕ್ತು?

ಓದುಗರ ಪ್ರಶ್ನೆ: ಗಾಮಾ ಪೈಲ್ವಾನ್ ಲಂಡನ್ನಿಗೆ ಹೋಗಿ ವಿಶ್ವ ಚಾಂಪಿಯನ್ ಆದ ಅಂತ ಚಿಕ್ಕಂದಿನಿಂದ ಕೇಳಿದ್ದೀನಿ. ಆದರೆ ಮೊನ್ನೆ ಓದಿದಾಗ ಆ ಫೈನಲ್ ಕುಸ್ತಿ ಡ್ರಾ ಆಗಿತ್ತು ಅಂತ ಗೊತ್ತಾಯ್ತು. ಸಮ ಆದ ಕುಸ್ತಿಗೆ ಬೆಲ್ಟ್ ಹೇಗೆ ಕೊಡ್ತಾರೆ? ನಾವು ಸುಮ್ನೆ ಹೊಗಳ್ಕೊಂಡು ಬಂದಿದ್ದೀವಾ?

ಉತ್ತರ: ಇಲ್ಲ, ಸುಮ್ನೆ ಹೊಗಳಿದ್ದಲ್ಲ. ನೀವು ಓದಿದ್ದೂ ಸರಿ, ಚಿಕ್ಕಂದಿನಲ್ಲಿ ಕೇಳಿದ್ದೂ ಸರಿ. 1910ರ ಸೆಪ್ಟೆಂಬರ್ 10ರಂದು ಲಂಡನ್ನಿನಲ್ಲಿ ಜಿಬಿಸ್ಕೊ ಎಂಬ ಪೈಲ್ವಾನನ ಜೊತೆಗಿನ ಕುಸ್ತಿ ಸಮ ಆಯಿತು. ಅದೇ ತಿಂಗಳ 17ಕ್ಕೆ ಇಬ್ಬರೂ ಮತ್ತೆ ಹಿಡಿಯಬೇಕು ಅಂತ ಗೊತ್ತಾಯಿತು. ಆ ದಿನ ಗಾಮಾ ಬಂದ. ಎದುರಾಳಿ ಬರಲಿಲ್ಲ. ‘ಜಾನ್ ಬುಲ್’ ಹೆಸರಿನ ಬೆಲ್ಟ್ ಗಾಮಾ ಪಾಲಾಯಿತು.

ಇಷ್ಟಕ್ಕೇ ಬಿಟ್ಟರೆ ಎದುರಾಳಿ ಬರದೆ ಸಿಕ್ಕ ಗೆಲುವು ಅಂತ ಅನ್ನಿಸುತ್ತದೆ, ಅಲ್ವಾ? ಅದಕ್ಕೇ 10ನೇ ತಾರೀಖು ಅಲ್ಲಿ ಏನು ನಡೆಯಿತು ಅನ್ನೋದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಗಾಮಾನ ನಿಜವಾದ ಹೆಸರು ಗುಲಾಂ ಮಹಮ್ಮದ್. ಪೈಲ್ವಾನರ ಮನೆತನದಲ್ಲಿ 1878ರಲ್ಲಿ ಹುಟ್ಟಿದವನು. ಎಳೆ ವಯಸ್ಸಿನಲ್ಲೇ ಅಪ್ಪ ತೀರಿಕೊಂಡ. ಅಮ್ಮನ ಕಡೆಯ ತಾತ, ಆಮೇಲೆ ಮಾವ, ಇಬ್ಬರೂ ಪೈಲ್ವಾನರೇ, ಅವನನ್ನು ಸಾಕಿ ಸಾಮು ಕಲಿಸಿದರು. ಹತ್ತು ವರ್ಷದ ಹುಡುಗ ಜೋಧಪುರದ ಬೈಠಕ್, ಅಂದರೆ ಬಸ್ಕಿ ಹೊಡೆಯುವ ಸ್ಪರ್ಧೆಯಲ್ಲಿ ದೊಡ್ಡ ದೊಡ್ಡ ಪೈಲ್ವಾನರ ಜೊತೆ ಕೊನೆಯವರೆಗೂ ನಿಂತ. ದಾತಿಯಾ ಸಂಸ್ಥಾನದ ಮಹಾರಾಜರು ಅವನನ್ನು ತಮ್ಮ ಆಸರೆಗೆ ತೆಗೆದುಕೊಂಡರು. ಆಗಿನ ಕಾಲಕ್ಕೆ ಪೈಲ್ವಾನನಿಗೆ ಅದೇ ಸಂಬಳ, ಅದೇ ಹಾಲು-ತುಪ್ಪ, ಅದೇ ವೃತ್ತಿ.

ಅವನು 1,200 ಕಿಲೋ ಕಲ್ಲು ಎತ್ತಿದ ಅನ್ನೋ ಕಥೆ ಎಲ್ಲ ಕಡೆ ಓಡಾಡುತ್ತದೆ. ಅದನ್ನು ನಾನು ಒಪ್ಪುವುದಿಲ್ಲ. ಇವತ್ತಿನ ತಾಲೀಮು, ಇವತ್ತಿನ ಊಟ ಎಲ್ಲ ಇದ್ದೂ ಜಾರ್ಜಿಯಾದ ಭಾರ ಎತ್ತುವ ಆಟಗಾರ ಲಾಷಾ ತಲಖಾಡ್ಜೆ 2021ರಲ್ಲಿ ತಲೆಯ ಮೇಲೆ ಎತ್ತಿದ್ದು 267 ಕಿಲೋ. ಗಾಮಾನ ದೊಡ್ಡತನಕ್ಕೆ ಆ ಕಲ್ಲು ಬೇಕಾಗಿಲ್ಲ.

1910ರಲ್ಲಿ ಬೆಂಜಮಿನ್ ಎಂಬ ಇಂಗ್ಲಿಷ್ ಮ್ಯಾನೇಜರ್ ಗಾಮಾನನ್ನೂ ಅವನ ತಮ್ಮ ಇಮಾಮ್ ಬಕ್ಷ್‌ನನ್ನೂ ಲಂಡನ್ನಿಗೆ ಕರೆದುಕೊಂಡು ಹೋದ. ಆಗ ಅಲ್ಲಿ ಕುಸ್ತಿ ಅಂದರೆ ದೊಡ್ಡ ವ್ಯಾಪಾರ. ನಾಟಕ, ಸಂಗೀತ ನಡೆಯುವ ಥಿಯೇಟರುಗಳಲ್ಲೇ ಕುಸ್ತಿಯೂ ನಡೆಯುತ್ತಿತ್ತು. ಗಾಮಾನ ಎತ್ತರ ಐದು ಅಡಿ ಏಳೆಂಟು ಇಂಚು ಅಷ್ಟೇ. ಭಾರಿ ಗಾತ್ರದ ಪೈಲ್ವಾನರನ್ನು ನೋಡಿ ರೂಢಿಯಾದ ಕಣ್ಣಿಗೆ ಅವನು ಚಿಕ್ಕವನಾಗಿ ಕಂಡ. ಯಾರು ಬೇಕಾದರೂ ಬನ್ನಿ ಅಂತ ಸವಾಲು ಹಾಕಿಸಿದ. ಆ ಕಾಲದ ಎರಡು ದೊಡ್ಡ ಹೆಸರು ರಷ್ಯಾದ ಸಿಂಹ ಅಂತಲೇ ಕರೆಸಿಕೊಂಡ ಹ್ಯಾಕೆನ್‌ಶ್ಮಿಟ್ ಮತ್ತು ಅವನನ್ನು 1908ರಲ್ಲಿ ಶಿಕಾಗೋದಲ್ಲಿ ಸೋಲಿಸಿದ್ದ ಅಮೆರಿಕದ ಫ್ರಾಂಕ್ ಗಾಚ್. ಇಬ್ಬರೂ ಗಾಮಾನ ಕೈಗೆ ಸಿಗಲಿಲ್ಲ.

ಸಿಕ್ಕವನು ಬೆಂಜಮಿನ್ ರೋಲರ್. ಇವನು ಅಮೆರಿಕದವನು, ಓದಿನಲ್ಲಿ ಡಾಕ್ಟರ್. ಆಗಸ್ಟ್ 8ರಂದು ಅಲ್‌ಹಾಂಬ್ರಾ ಥಿಯೇಟರಿನಲ್ಲಿ ಗಾಮಾ ಅವನನ್ನು ಮೊದಲ ಸಲ ಎರಡು ನಿಮಿಷದ ಒಳಗೆ ಕೆಡವಿದ. ಎರಡನೇ ಸಲಕ್ಕೆ ಸುಮಾರು ಒಂಬತ್ತು ನಿಮಿಷ. ಅಲ್ಲಿಗೆ ಲಂಡನ್ನಿನ ಜನಕ್ಕೆ ಈ ಚಿಕ್ಕ ಆಳು ಯಾರು ಅಂತ ಅರ್ಥವಾಯಿತು.

ಇನ್ನು ಸೆಪ್ಟೆಂಬರ್ 10ರ ಎದುರಾಳಿ ಸ್ಟಾನಿಸ್ಲಾಸ್ ಜಿಬಿಸ್ಕೊ. ಪೋಲೆಂಡಿನವನು. ಗಾಮಾಗಿಂತ ಬಹಳ ತೂಕ, ಕಂಬದಂಥ ಕತ್ತು. ಹ್ಯಾಕೆನ್‌ಶ್ಮಿಟ್, ಗಾಚ್ ಜೊತೆಗೇ ಹೇಳುವ ಹೆಸರು ಅವನದು. ಕುಸ್ತಿ ಶುರುವಾಗಿ ಒಂದು ನಿಮಿಷ ಆಗುವಷ್ಟರಲ್ಲಿ ಗಾಮಾ ಅವನನ್ನು ನೆಲಕ್ಕೆ ತಂದ. ಬಿದ್ದವನು ಹೆಚ್ಚುಕಡಿಮೆ ಅಲ್ಲೇ ಉಳಿದ. ಒಟ್ಟು ಎರಡೂವರೆ ಗಂಟೆಗಿಂತ ಜಾಸ್ತಿ ಹೊತ್ತು! ಮೇಲೆ ಗಾಮಾ, ಕೆಳಗೆ ಜಿಬಿಸ್ಕೊ. ನಡುವೆ ಒಂದೆರಡು ಸಲ ಎದ್ದು ನಿಂತಿದ್ದು ಬಿಟ್ಟರೆ ಅವನು ಮ್ಯಾಟ್ ಬಿಟ್ಟು ಏಳಲೇ ಇಲ್ಲ. ಕೊನೆಗೆ ಸಮ ಅಂತ ಘೋಷಿಸಿದರು.

ಅಷ್ಟು ಹೊತ್ತು ಮೇಲಿದ್ದವನು ಯಾಕೆ ಚಿತ್ ಮಾಡಲಿಲ್ಲ, ಅಂದರೆ ಬೆನ್ನು ನೆಲಕ್ಕೆ ತಾಗಿಸಲಿಲ್ಲ ಅಂತ ನೀವು ಕೇಳಬಹುದು. ಗರಡಿಯಲ್ಲಿ ಒಂದು ದಿನ ಬೆಳಿಗ್ಗೆ ಕೂತು ನೋಡಿದರೆ ಇದು ಗೊತ್ತಾಗುತ್ತದೆ. ಬೋರಲು ಬಿದ್ದ ಆಳು ಮೊಣಕೈಗಳನ್ನು ಪಕ್ಕೆಗೆ ಅಂಟಿಸಿ, ಕಾಲು ಅಗಲಿಸಿ, ಗಲ್ಲ ಎದೆಗೆ ಒತ್ತಿಕೊಂಡರೆ ಕೈ ತೂರಿಸಲು ಜಾಗವೇ ಇರುವುದಿಲ್ಲ. ಮೇಲಿನವನು ಕಂಕುಳ ಸಂದಿಯಲ್ಲಿ ಬೆರಳು ಸೇರಿಸಲು ನೋಡುತ್ತಾನೆ, ಕತ್ತು ಹಿಡಿದು ಮಗುಚಲು ನೋಡುತ್ತಾನೆ. ಕೆಳಗಿನವನು ತನ್ನ ಪಾಡಿಗೆ ತೂಕ ಬಿಟ್ಟುಕೊಂಡು ಮಲಗಿರುತ್ತಾನೆ. ಅವನು ಗೆಲ್ಲುವ ಆಸೆ ಬಿಟ್ಟರೆ ಸಾಕು, ಸೋಲಿಸುವುದು ಬಲು ಕಷ್ಟ. ತೂಕ ಜಾಸ್ತಿ ಇರುವ ನುರಿತ ಪೈಲ್ವಾನನಾದರಂತೂ ಮುಗಿದೇ ಹೋಯಿತು.

ಇನ್ನೊಂದು ವಿಷಯ ಮಣ್ಣು. ನಮ್ಮ ಗರಡಿಯ ಮಟ್ಟಿಯಲ್ಲಿ, ಅಂದರೆ ಕುಸ್ತಿ ಹಿಡಿಯುವ ಕಣದಲ್ಲಿ, ಕೆಮ್ಮಣ್ಣಿಗೆ ಎಣ್ಣೆ, ಅರಿಶಿನ ಹಾಕಿ ಹದ ಮಾಡಿರುತ್ತಾರೆ. ಹಿಡಿಯುವ ಮೊದಲು ಒಬ್ಬರ ಮೈ ಮೇಲೆ ಒಬ್ಬರು ಆ ಮಣ್ಣು ಎರಚುತ್ತಾರೆ. ಶಾಸ್ತ್ರಕ್ಕೆ ಅಂತ ಎರಚುವುದಲ್ಲ ಅದು. ಮಣ್ಣು ಬೆವರು ಹೀರುತ್ತದೆ, ಹಿಡಿತ ಸಿಗುತ್ತದೆ. ಗಾಮಾ ಮೂವತ್ತು ವರ್ಷ ಬೆಳೆದಿದ್ದು ಅಂಥ ಮಣ್ಣಿನಲ್ಲಿ. ಲಂಡನ್ನಿನಲ್ಲಿ ಅವನ ಕಾಲ ಕೆಳಗೆ ಇದ್ದದ್ದು ಮ್ಯಾಟ್, ಕೈ ಕೆಳಗೆ ಇದ್ದದ್ದು ಬೆವರಿ ಜಾರುವ ಭಾರಿ ದೇಹ. ಎರಡು ಗಂಟೆ ಕಳೆದ ಮೇಲೆ ಆ ದೇಹದಲ್ಲಿ ಹಿಡಿತ ಎಲ್ಲಿ ಸಿಗಬೇಕು?

ಇದೇ ಕುಸ್ತಿ ಇವತ್ತಿನ ನಿಯಮದಲ್ಲಿ ನಡೆದಿದ್ದರೆ ಗಾಮಾ ಗೆಲ್ಲುತ್ತಿದ್ದ ಅಂತ ನನ್ನ ನಂಬಿಕೆ. ಈಗಿನ ಫ್ರೀಸ್ಟೈಲ್‌ನಲ್ಲಿ ಮೂರು ಮೂರು ನಿಮಿಷದ ಎರಡು ಸುತ್ತು. ಎದುರಾಳಿಯನ್ನು ನೆಲಕ್ಕೆ ತಂದರೆ ಪಾಯಿಂಟ್. ಸುಮ್ಮನೆ ತಪ್ಪಿಸಿಕೊಳ್ಳುವವನಿಗೆ ರೆಫರಿ ಎಚ್ಚರಿಕೆ ಕೊಡುತ್ತಾನೆ. ಆಮೇಲೆ 30 ಸೆಕೆಂಡು ಗಡುವು. ಅಷ್ಟರಲ್ಲಿ ಯಾರೂ ಪಾಯಿಂಟ್ ತೆಗೆಯದಿದ್ದರೆ ಎದುರಾಳಿಗೆ ಒಂದು ಪಾಯಿಂಟ್. 1910ರಲ್ಲಿ ಇದು ಯಾವುದೂ ಇರಲಿಲ್ಲ. ಬೆನ್ನು ನೆಲಕ್ಕೆ ತಾಗಬೇಕು, ಇಲ್ಲದಿದ್ದರೆ ಏನೂ ಇಲ್ಲ. ಮೈಸೂರು ದಸರಾದಲ್ಲಿ ನಾಡಕುಸ್ತಿ, ಪಾಯಿಂಟ್ ಕುಸ್ತಿ ಎರಡನ್ನೂ ನೋಡಿದವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ವಿಶ್ವ ಚಾಂಪಿಯನ್ ಅನ್ನಬಹುದಾ? ಆಗ ಇಡೀ ಜಗತ್ತಿಗೆ ಒಬ್ಬನೇ ಚಾಂಪಿಯನ್ ಅಂತ ತೀರ್ಮಾನ ಮಾಡುವ ಒಂದು ಸಂಸ್ಥೆ ಇರಲಿಲ್ಲ. ಅಮೆರಿಕದವರು ಗಾಚ್‌ನನ್ನೇ ಚಾಂಪಿಯನ್ ಅನ್ನುತ್ತಿದ್ದರು, ಅದೂ ಸುಳ್ಳಲ್ಲ. ಲಂಡನ್ನಿನ ಆ ಪಂದ್ಯವನ್ನು ವಿಶ್ವ ಚಾಂಪಿಯನ್ ಪಟ್ಟಕ್ಕೆ ಅಂತಲೇ ಏರ್ಪಡಿಸಿದ್ದರು, 250 ಪೌಂಡ್ ಬಹುಮಾನ, ಬೆಲ್ಟ್ ಎರಡೂ ಇಟ್ಟಿದ್ದರು. ಅದು ಗಾಮಾಗೆ ಬಂತು. ಅಷ್ಟನ್ನು ಎದೆ ತಟ್ಟಿ ಹೇಳಬಹುದು. ಗಾಮಾ ಬಂದ ಮೇಲೆ ಗಾಚ್ ಅವನ ಎದುರು ಇಳಿದಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ. ಇಳಿಯಲಿಲ್ಲವಲ್ಲ ಅನ್ನೋ ಹೊಟ್ಟೆ ಉರಿ ನನಗೆ ಇವತ್ತಿಗೂ ಇದೆ.

ಗಾಮಾ ಊರಿಗೆ ಮರಳಿದ ಮೇಲೆ ಗುಜ್ರಾನ್‌ವಾಲಾದ ರಹೀಮ್ ಬಕ್ಷ್ ಸುಲ್ತಾನಿವಾಲಾನನ್ನು ಅಲಹಾಬಾದಿನಲ್ಲಿ ಸೋಲಿಸಿದ. ಏಳಡಿ ಹತ್ತಿರದ ಆ ಆಳಿನ ಜೊತೆ ಮೊದಲು ಹಿಡಿದ ಕುಸ್ತಿಗಳು ಸಮ ಆಗಿದ್ದವು. ಲಂಡನ್ನಿಗಿಂತ ಇದೇ ದೊಡ್ಡ ಗೆಲುವು ಅನ್ನುವವರೂ ಇದ್ದಾರೆ. 1947ರಲ್ಲಿ ಲಾಹೋರಿನಲ್ಲಿ ತನ್ನ ಬೀದಿಯ ಹಿಂದೂ ನೆರೆಯವರ ಮೈ ಮುಟ್ಟಲು ಬಂದ ಗುಂಪಿಗೆ ಅಡ್ಡ ನಿಂತ ಅಂತ ಅಲ್ಲಿನವರು ನೆನೆಯುತ್ತಾರೆ. 1960ರ ಮೇ ತಿಂಗಳಲ್ಲಿ ಅದೇ ಊರಿನಲ್ಲಿ ತೀರಿಕೊಂಡ.

ಜಿಬಿಸ್ಕೊನನ್ನು ಹೇಡಿ ಅಂದುಬಿಡುವುದು ಸುಲಭ, ಆದರೆ ಅದು ತಪ್ಪು. ಅವನು ಅಮೆರಿಕಕ್ಕೆ ಹೋಗಿ 1921ರಲ್ಲಿ ವಿಶ್ವ ಚಾಂಪಿಯನ್ ಆದ. ಅಷ್ಟು ಹೊತ್ತಿಗೆ ಅಲ್ಲಿ ಯಾರು ಗೆಲ್ಲಬೇಕು ಅಂತ ಮೊದಲೇ ಮಾತಾಡಿಕೊಳ್ಳುವ ಪದ್ಧತಿ ಬಂದುಬಿಟ್ಟಿತ್ತು. 1925ರಲ್ಲಿ ವೇಯ್ನ್ ಮನ್ ಎಂಬ ಚಾಂಪಿಯನ್‌ಗೆ ಸೋಲಬೇಕು ಅಂತ ಜಿಬಿಸ್ಕೊಗೆ ಹೇಳಿದ್ದರು. ಅವನು ಒಳಗೆ ಹೋಗಿ ನಿಜವಾದ ಕುಸ್ತಿಯನ್ನೇ ಹಿಡಿದು ಮತ್ತೆ ಮತ್ತೆ ಕೆಡವಿ ಬೆಲ್ಟ್ ಕಿತ್ತುಕೊಂಡ. ಐವತ್ತರ ಹತ್ತಿರ ಬಂದವನ ಕೈಯಲ್ಲೂ ಅಷ್ಟು ಕಸುಬು ಇತ್ತು.

ಅಂಥವನು 1928ರ ಜನವರಿಯಲ್ಲಿ, ಹದಿನೇಳು ವರ್ಷದ ಬಾಕಿ ತೀರಿಸಲು ಪಟಿಯಾಲಕ್ಕೆ ಬಂದ. ಮಹಾರಾಜ ಭೂಪಿಂದರ್ ಸಿಂಗ್ ಏರ್ಪಡಿಸಿದ್ದ ಕುಸ್ತಿ, ಸಾವಿರಾರು ಜನ. ಇಬ್ಬರಿಗೂ ಐವತ್ತರ ಆಸುಪಾಸು. ಈ ಸಲ ಕಾಲ ಕೆಳಗೆ ಮಣ್ಣು ಇತ್ತು. ಕೈ ಕುಲುಕಿ ಹಿಂದೆ ಸರಿದರು, ಗಾಮಾ ನುಗ್ಗಿದ. ಒಂದು ನಿಮಿಷವೂ ಆಗಿರಲಿಲ್ಲ, ಜಿಬಿಸ್ಕೊ ಆಕಾಶ ನೋಡುತ್ತಿದ್ದ. ಬೋರಲು ಮಲಗಲು ಅವನಿಗೆ ಹೊತ್ತೇ ಸಿಗಲಿಲ್ಲ.