ಬೇಸಿಗೆ ಶಿಬಿರಕ್ಕೆ ಕಳಿಸಿದರೆ ಮಗು ಹಾಸ್ಟೆಲಿಗೆ ಒಗ್ಗುತ್ತಾ ಅಂತ ಗೊತ್ತಾಗುತ್ತದಾ?

ಓದುಗರ ಪ್ರಶ್ನೆ: ನಮ್ಮ ಮಗನಿಗೆ ಹತ್ತು ವರ್ಷ. ಜೂನ್‌ನಲ್ಲಿ ಕೊಡಗಿನ ಒಂದು ವಸತಿ ಶಾಲೆಗೆ ಸೇರಿಸುವ ಯೋಚನೆ ಇದೆ. ಅದೇ ಶಾಲೆಯವರು ಏಪ್ರಿಲ್‌ನಲ್ಲಿ ಹತ್ತು ದಿನದ ಬೇಸಿಗೆ ಶಿಬಿರ ನಡೆಸುತ್ತಾರೆ. ಮೊದಲು ಅಲ್ಲಿಗೆ ಕಳಿಸಿ ನೋಡಿದರೆ ಅವನು ಹಾಸ್ಟೆಲಿಗೆ ಒಗ್ಗುತ್ತಾನಾ ಇಲ್ಲವಾ ಅಂತ ತಿಳಿಯುತ್ತದಾ?

ಉತ್ತರ: ಪರೀಕ್ಷೆ ಮುಗಿಯುವ ಹೊತ್ತಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಬೆಂಗಳೂರು, ಮೈಸೂರಿನವರು ಕೇಳುತ್ತಾರೆ. ಶಾಲೆ ಬಸ್ಸು ತೋಟದ ಗೇಟಿನ ತನಕ ಬರುವುದಿಲ್ಲ ಅಂತ ಮಕ್ಕಳನ್ನು ಹಾಸ್ಟೆಲಿಗೆ ಹಾಕಲು ಹೊರಟ ಕೊಡಗಿನವರೇ ಕೇಳುತ್ತಾರೆ. ನೇರವಾಗಿ ಹೇಳುತ್ತೇನೆ. ಮಗನ ಬಗ್ಗೆ ಅರ್ಧ ತಿಳಿಯುತ್ತದೆ. ಶಾಲೆಯ ಬಗ್ಗೆ, ನೀವು ಸರಿಯಾಗಿ ಗಮನಿಸಿದರೆ, ತುಂಬಾ ತಿಳಿಯುತ್ತದೆ. ಕಳಿಸಿ, ಆದರೆ ಆ ಹತ್ತು ದಿನ ಶಾಲೆಗೆ ನೀವು ಒಡ್ಡುವ ಪರೀಕ್ಷೆ ಅಂತ ಇಟ್ಟುಕೊಳ್ಳಿ. ಹುಡುಗನ ತಲೆ ಮೇಲೆ ಅದನ್ನು ಹೊರಿಸಬೇಡಿ.

ಮಗನ ಬಗ್ಗೆ ಅರ್ಧ ಮಾತ್ರ ಯಾಕೆ ಅಂದರೆ, ಶಿಬಿರದ ಹೊತ್ತಿಗೆ ಆ ಶಾಲೆಯ ಮಕ್ಕಳು ರಜೆಗೆ ಊರಿಗೆ ಹೋಗಿರುತ್ತಾರೆ. ಖಾಲಿ ಡಾರ್ಮಿಟರಿ, ಖಾಲಿ ಮೈದಾನ, ಮೆಸ್ಸು ಎಲ್ಲವೂ ಶಿಬಿರಕ್ಕೆ ಸಿಗುತ್ತದೆ. ಹೋಂವರ್ಕ್ ಇಲ್ಲ, ಬೆಳಗ್ಗೆ ಎಬ್ಬಿಸಿ ಓದಿಸುವ ಸ್ಟಡಿ ಅವರ್ ಇಲ್ಲ, ದೊಡ್ಡ ಕ್ಲಾಸಿನ ಹುಡುಗರ ದರ್ಬಾರು ಇಲ್ಲ. ಎಷ್ಟೋ ಕಡೆ ಆಟ ಕಲಿಸುವವರು, ಚಿತ್ರ ಕಲಿಸುವವರು ಕೂಡ ಶಿಬಿರಕ್ಕೆಂದೇ ಹೊರಗಿನಿಂದ ಬಂದವರು. ಜೂನ್‌ನಲ್ಲಿ ಅವರ್ಯಾರೂ ಅಲ್ಲಿರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಹತ್ತನೇ ದಿನ ಮನೆಗೆ ಹೋಗುತ್ತೇನೆ ಅಂತ ಹುಡುಗನಿಗೆ ಗೊತ್ತಿರುತ್ತದೆ. ಕೊನೆ ಗೊತ್ತಿದ್ದರೆ ಮಕ್ಕಳು ತುಂಬಾ ತಡೆದುಕೊಳ್ಳುತ್ತಾರೆ.

ಇನ್ನೊಂದು ಸಂಗತಿ ಹೊರಗಿನವರಿಗೆ ಹೊಳೆಯುವುದೇ ಇಲ್ಲ. ಏಪ್ರಿಲ್‌ನ ಕೊಡಗೇ ಬೇರೆ, ಜುಲೈನ ಕೊಡಗೇ ಬೇರೆ. ಏಪ್ರಿಲ್‌ನಲ್ಲಿ ಬೆಳಗ್ಗೆ ಹಿತವಾದ ಬಿಸಿಲು, ಕೆಲವು ದಿನ ಮಧ್ಯಾಹ್ನದ ಮೇಲೆ ಗುಡುಗು, ಒಂದು ಜೋರು ಮಳೆ, ರಾತ್ರಿ ತಂಪು. ನಗರದಿಂದ ಬಂದ ಮಗುವಿಗೆ ಇದು ಹಬ್ಬ. ಜೂನ್ ನಡುವೆ ಮುಂಗಾರು ಹಿಡಿದುಕೊಂಡರೆ ವಾರಗಟ್ಟಲೆ ಬಿಸಿಲಿನ ಮುಖ ಕಾಣುವುದಿಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತದೆ, ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಒಗೆದ ಯೂನಿಫಾರ್ಮ್ ಒಣಗುವುದಿಲ್ಲ, ಶೂ ಒಳಗೆ ಬೂಸ್ಟು ಬರುತ್ತದೆ, ಹುಲ್ಲಿಗೆ ಕಾಲಿಟ್ಟರೆ ಜಿಗಣೆ, ಕರೆಂಟು ಹೋದರೆ ಯಾವಾಗ ಬರುತ್ತದೋ. ಆಟಕ್ಕೆ ಹೊರಗೆ ಬಿಡಲಾಗದ ಮಕ್ಕಳು ಒಂದೇ ಕೋಣೆಯೊಳಗೆ ಕೂತಿರುತ್ತಾರೆ. ಮನೆ ನೆನಪು ಜೋರಾಗಿ ಹಿಡಿಯುವುದು ಆಗ. ಶಾಲೆ ಕುಶಾಲನಗರದ ಕಡೆಗಿದ್ದರೆ ಈ ತೊಂದರೆ ಕಡಿಮೆ, ಅಲ್ಲಿ ಮಳೆಯೇ ಕಡಿಮೆ. ಮಡಿಕೇರಿ, ಗಾಳಿಬೀಡು, ಭಾಗಮಂಡಲದ ಕಡೆಗಾದರೆ ಶಿಬಿರಕ್ಕೆ ಬಿಡಲು ಹೋದಾಗಲೇ ಕೇಳಿ: ಮಳೆಗಾಲದಲ್ಲಿ ಬಟ್ಟೆ ಎಲ್ಲಿ ಒಣಗಿಸುತ್ತೀರಿ, ಜನರೇಟರ್ ಇದೆಯಾ, ಸಂಜೆ ಮಕ್ಕಳು ಏನು ಮಾಡುತ್ತಾರೆ, ಸ್ನಾನಕ್ಕೆ ಬಿಸಿನೀರು ದಿನಾ ಸಿಗುತ್ತದಾ. ಬಟ್ಟೆ ಒಣಗಿಸುವ ಕೋಣೆಯನ್ನು ಕರೆದುಕೊಂಡು ಹೋಗಿ ತೋರಿಸುವ ಶಾಲೆಯ ಮೇಲೆ ನನಗೆ ನಂಬಿಕೆ ಜಾಸ್ತಿ. ಕುದುರೆ ತೋರಿಸುವವರ ಮೇಲೆ ಅಷ್ಟಿಲ್ಲ.

ಇನ್ನು ಶಿಬಿರದಿಂದ ನಿಜಕ್ಕೂ ತಿಳಿಯುವುದು ಏನು? ರಾತ್ರಿ. ಶಾಲೆಯ ರಾತ್ರಿ ಹೇಗಿದೆ ಅನ್ನುವುದು.

ನನ್ನ ಚಿಕ್ಕಮ್ಮ ವಿರಾಜಪೇಟೆ ಕಡೆ ವಸತಿ ಶಾಲೆಯೊಂದರಲ್ಲಿ ವಾರ್ಡನ್ ಆಗಿದ್ದವರು. ಅವರು ಹೇಳುವುದು ಇಷ್ಟು: ಮೊದಲ ರಾತ್ರಿ ಯಾರೂ ಅಳುವುದಿಲ್ಲ, ಎಲ್ಲ ಹೊಸತು. ಎರಡನೇ, ಮೂರನೇ ರಾತ್ರಿ ದೀಪ ಆರಿದ ಮೇಲೆ ಶುರು. ಆಗ ಪಕ್ಕಕ್ಕೆ ಬಂದು ಕೂರುವ ದೊಡ್ಡವರು ಒಬ್ಬರಿದ್ದರೆ ಐದನೇ ದಿನಕ್ಕೆ ಮಗು ಹಗುರಾಗುತ್ತದೆ. ಇಲ್ಲದಿದ್ದರೆ ಹಗಲು ನಗುತ್ತಾ ರಾತ್ರಿ ಅಳುವುದನ್ನು ಕಲಿತುಬಿಡುತ್ತದೆ, ಫೋಟೋದಲ್ಲಿ ಅದು ಕಾಣುವುದೂ ಇಲ್ಲ. ಹಾಸಿಗೆ ಒದ್ದೆ ಮಾಡಿಕೊಂಡ ಮಗುವನ್ನು ಬೆಳಗ್ಗೆ ಬೇರೆ ಮಕ್ಕಳ ಕಣ್ಣಿಗೆ ಬೀಳದ ಹಾಗೆ ಎಬ್ಬಿಸಿ, ಬಟ್ಟೆ ಬದಲಿಸಿ, ಏನೂ ಆಗಿಲ್ಲವೆಂಬಂತೆ ತಿಂಡಿಗೆ ಕಳಿಸುವುದು ಒಬ್ಬ ವಾರ್ಡನ್‌ಗೆ ಗೊತ್ತಿದ್ದರೆ ಆ ಹಾಸ್ಟೆಲಿನ ಬಗ್ಗೆ ಬೇರೇನೂ ಕೇಳಬೇಕಾಗಿಲ್ಲ ಅನ್ನುತ್ತಾರೆ ಅವರು. ನಾನು ಒಪ್ಪುತ್ತೇನೆ, ಜೊತೆಗೆ ಇನ್ನೂ ನಾಲ್ಕು ವಿಷಯ ಕೇಳಿ ಅನ್ನುತ್ತೇನೆ.

ರಾತ್ರಿ ಡಾರ್ಮಿಟರಿಯಲ್ಲಿ ಮಲಗುವ ವಾರ್ಡನ್ ಯಾರು, ಅವರೇ ಜೂನ್‌ನಲ್ಲೂ ಇರುತ್ತಾರಾ ಅಂತ ಕೇಳಿ. ಹೆಣ್ಣುಮಕ್ಕಳಾದರೆ ಮಹಿಳಾ ವಾರ್ಡನ್ ಅದೇ ಕಟ್ಟಡದಲ್ಲಿ ಮಲಗುತ್ತಾರಾ ಅಂತ ಕೇಳಿ. ಶಿಬಿರಕ್ಕೆ ಹೊರಗಿನಿಂದ ಬಂದ ಕೋಚ್‌ಗಳ ಪೊಲೀಸ್ ವೆರಿಫಿಕೇಶನ್ ಆಗಿದೆಯಾ ಅಂತಲೂ ಕೇಳಿ, ಇದರಲ್ಲಿ ಸಂಕೋಚ ಬೇಡ. ರಾತ್ರಿ ಹೊತ್ತು ಮಗುವಿಗೆ ಜ್ವರ ಏರಿದರೆ ಕ್ಯಾಂಪಸ್ಸಿನಲ್ಲಿ ಗಾಡಿ ಮತ್ತು ಡ್ರೈವರ್ ಇಬ್ಬರೂ ಇರುತ್ತಾರಾ, ಯಾವ ಆಸ್ಪತ್ರೆಗೆ ಹೋಗುತ್ತೀರಿ ಅನ್ನುವುದು ಇನ್ನೊಂದು. ಕೊಡಗಿನಲ್ಲಿ ಇದು ಸುಮ್ನೆ ಕೇಳುವ ಪ್ರಶ್ನೆ ಅಲ್ಲ. ಎಷ್ಟೋ ಕಡೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ, ರಸ್ತೆ ತಿರುವಿನದು, ದೊಡ್ಡ ಆಸ್ಪತ್ರೆ ಅಂದರೆ ಮಡಿಕೇರಿಯ ಮೆಡಿಕಲ್ ಕಾಲೇಜು, ಇಲ್ಲವೇ ಮೈಸೂರು. ಜಿಲ್ಲೆಯಲ್ಲಿ ರೈಲಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಾಗ ಮಡಿಕೇರಿಯಿಂದ ಸಂಪಾಜೆಗೆ ಹೋಗುವ ಹೆದ್ದಾರಿಯೇ ಕಡಿದುಹೋಗಿತ್ತು. ಮಳೆಗಾಲದಲ್ಲಿ ನೀವು ಅಂದುಕೊಂಡ ತಕ್ಷಣ ಮಗನ ಹತ್ತಿರ ತಲುಪಲು ಆಗದೇ ಹೋಗಬಹುದು, ಆಗ ಅವನ ಪಾಲಿಗೆ ಮನೆಯವರು ಅಂದರೆ ಆ ವಾರ್ಡನ್ನೇ.

ಶಿಬಿರದ ಪಟ್ಟಿಯಲ್ಲಿ ಟ್ರೆಕ್ಕಿಂಗ್, ರಾಫ್ಟಿಂಗ್ ಅಂತ ಇದ್ದರೆ ಅದನ್ನೂ ಬಿಡಿಸಿ ಕೇಳಬೇಕು. ಜಿಲ್ಲೆಯ ಅತಿ ಎತ್ತರದ ತಡಿಯಂಡಮೋಳ್ 1,748 ಮೀಟರ್. ಇಂಥ ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ದಾರಿ ಮುಚ್ಚುವುದೂ ಇದೆ. ಏಪ್ರಿಲ್‌ನಲ್ಲಿ ದುಬಾರೆ ಹತ್ತಿರ ಕಾವೇರಿ ಬಂಡೆ ಕಾಣುವಷ್ಟು ಇಳಿದಿರುತ್ತದೆ. ಅಲೆಯ ಮೇಲಿನ ರಾಫ್ಟಿಂಗ್ ಏನಿದ್ದರೂ ಮಳೆ ಬಂದ ಮೇಲಿನ ಮಾತು. ಅದನ್ನು ಏಪ್ರಿಲ್‌ಗೇ ಬರೆದವರು ಎಲ್ಲಿಂದಲೋ ಪಟ್ಟಿ ನಕಲು ಮಾಡಿರಬೇಕು. ನೀರು ಕಡಿಮೆ ಇದೆ ಅಂತ ಹೊಳೆಗೆ ಇಳಿಸುತ್ತೇವೆ ಅಂದರೂ ಬೇಡ ಅನ್ನಿ. ಬಂಡೆಗಳ ನಡುವೆ ಆಳದ ಗುಂಡಿಗಳಿರುತ್ತವೆ, ಮೇಲಿಂದ ಗೊತ್ತಾಗುವುದಿಲ್ಲ. ತಿತಿಮತಿ, ಸಿದ್ದಾಪುರ, ಅಮ್ಮತ್ತಿ ಸುತ್ತ ಕಾಫಿ ತೋಟಗಳಲ್ಲಿ ಆನೆ ಓಡಾಟ ಇದ್ದೇ ಇದೆ, ಹಲಸು ಹಣ್ಣಾಗುವ ಹೊತ್ತಿಗೆ ಇನ್ನೂ ಜಾಸ್ತಿ. ಅಲ್ಲಿಯ ಶಾಲೆಯಾದರೆ ಬೆಳಗಿನ ಜಾವದ ವಾಕಿಂಗ್ ಬೇಲಿಯ ಒಳಗೋ ಹೊರಗೋ ಅಂತ ಕೇಳಿ.

ಹಾಕಿ ಆಸೆಯಿಂದ ಕಳಿಸುವವರಿಗೆ ಒಂದು ಸಂತೋಷದ ವಿಷಯ. 1997ರಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ನಡೆಯುವುದು ಬೇಸಿಗೆಯಲ್ಲೇ. ಅಜ್ಜ, ಮೊಮ್ಮಗ, ಅತ್ತೆ, ಸೊಸೆ ಒಂದೇ ಮನೆತನದ ಹೆಸರಿನಲ್ಲಿ ಆಡುವುದನ್ನು ಹತ್ತು ವರ್ಷದ ಹುಡುಗ ಒಮ್ಮೆ ನೋಡಲಿ. ಶಿಬಿರದವರು ಒಂದು ದಿನ ಕರೆದುಕೊಂಡು ಹೋಗುತ್ತಾರಾ ಕೇಳಿ ನೋಡಿ.

ಈಗ ನಿಮ್ಮ ಕಡೆಯಿಂದ ಆಗಬೇಕಾದ್ದು. "ಬೇಜಾರಾದರೆ ಫೋನ್ ಮಾಡು, ಅಪ್ಪ ತಕ್ಷಣ ಬಂದು ಕರ್ಕೊಂಡು ಬರ್ತಾರೆ" ಅಂತ ಹೇಳಿ ಕಳಿಸಬೇಡಿ. ಪ್ರೀತಿಯಿಂದಲೇ ಹೇಳುತ್ತೀರಿ, ಆದರೆ ಮೂರನೇ ರಾತ್ರಿ ಹುಡುಗ ಆ ಮಾತನ್ನೇ ಹಿಡಿದುಕೊಂಡು ಕೂರುತ್ತಾನೆ, ಅಲ್ಲಿಯ ಯಾವುದೂ ಅವನಿಗೆ ರುಚಿಸುವುದಿಲ್ಲ. ಮನೆ ನೆನಪಾಗುತ್ತದೆ, ಎಲ್ಲರಿಗೂ ಆಗುತ್ತದೆ, ಆದಾಗ ವಾರ್ಡನ್ ಹತ್ತಿರ ಹೇಳು ಅನ್ನಿ. ಹೋಗುವ ಮೊದಲು ಅಜ್ಜಿ ಮನೆಯಲ್ಲೋ ಅತ್ತೆ ಮನೆಯಲ್ಲೋ ನೀವಿಲ್ಲದೆ ಎರಡು ಮೂರು ರಾತ್ರಿ ಮಲಗಲಿ. ಬಟ್ಟೆ ಮಡಚುವುದು, ತಟ್ಟೆ ತೊಳೆಯುವುದು ಬರಲಿ.

ಆದರೆ ಮನೆ ನೆನಪು ಬೇರೆ, ಭಯ ಬೇರೆ. ಯಾರಾದರೂ ಹೊಡೆದರೆ, ಮುಟ್ಟಬಾರದ ಕಡೆ ಮುಟ್ಟಿದರೆ, ಯಾರಿಗೂ ಹೇಳಬೇಡ ಅಂತ ಹೇಳಿದರೆ, ಆಗ ರಾತ್ರಿಯಾಗಲಿ ಹಗಲಾಗಲಿ ನಾವು ಬಂದೇ ಬರುತ್ತೇವೆ ಅಂತ ಹುಡುಗನಿಗೂ ಹುಡುಗಿಗೂ ಸ್ಪಷ್ಟವಾಗಿ ಹೇಳಿ. ಮಕ್ಕಳ ಸಹಾಯವಾಣಿ 1098 ಬಾಯಿಪಾಠ ಮಾಡಿಸಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೊ ಕಾಯ್ದೆ ಪ್ರಕಾರ, ಮಗುವನ್ನು ಮುಟ್ಟಬಾರದ ಹಾಗೆ ಮುಟ್ಟಿದ್ದು ಗೊತ್ತಾದ ಶಾಲೆ ಪೊಲೀಸರಿಗೆ ತಿಳಿಸಲೇಬೇಕು, ಒಳಗೊಳಗೇ ಮುಗಿಸುವಂತಿಲ್ಲ.

ವಾಪಸ್ ಬಂದ ದಿನ "ಇಷ್ಟ ಆಯ್ತಾ?" ಅಂತ ಕೇಳಿದರೆ ಹೂಂ ಅನ್ನುತ್ತಾನೆ, ಅಷ್ಟೇ. ಪಕ್ಕದ ಮಂಚದಲ್ಲಿ ಯಾರಿದ್ದರು, ರಾತ್ರಿ ಬಾತ್‌ರೂಮಿಗೆ ಹೋಗಬೇಕಾದಾಗ ಯಾರನ್ನು ಎಬ್ಬಿಸಿದೆ, ಸಾರು ಖಾರ ಆದ ದಿನ ಏನು ತಿಂದೆ, ಯಾರಾದರೂ ಅತ್ತರಾ, ಅತ್ತಾಗ ಯಾರು ಬಂದರು. ಒಂದೇ ದಿನ ಎಲ್ಲ ಬೇಡ, ವಾರದಲ್ಲಿ ಒಂದೊಂದಾಗಿ ಕೇಳಿ. ವಾರ್ಡನ್ ಹೆಸರು ಅವನ ಬಾಯಲ್ಲಿ ತಾನಾಗಿ ಬಂದರೆ ಒಳ್ಳೆಯ ಲಕ್ಷಣ. ಹತ್ತು ದಿನ ಕಳೆದರೂ ವಾರ್ಡನ್ ಯಾರು ಅಂತಲೇ ಗೊತ್ತಿಲ್ಲದಿದ್ದರೆ ನಾನಾಗಿದ್ದರೆ ಆ ಶಾಲೆಗೆ ಸೇರಿಸುತ್ತಿರಲಿಲ್ಲ, ಹುಡುಗ ಎಷ್ಟೇ ಖುಷಿಯಾಗಿ ಬಂದಿದ್ದರೂ.

ಶಿಬಿರಕ್ಕೆ ಹೋದರೆ ಸೀಟು ಸಿಗುತ್ತದಾ ಅಂತಲೂ ಕೆಲವರು ಕೇಳುತ್ತಾರೆ. ಕೂಡಿಗೆಯ ಸೈನಿಕ ಶಾಲೆಗೆ, ಗಾಳಿಬೀಡಿನ ನವೋದಯಕ್ಕೆ ಪ್ರವೇಶ ಪರೀಕ್ಷೆಯೇ ದಾರಿ, ಯಾವ ಶಿಬಿರದ ಸರ್ಟಿಫಿಕೇಟೂ ಅಲ್ಲಿ ನಡೆಯುವುದಿಲ್ಲ. ಖಾಸಗಿ ಶಾಲೆಗಳು ಶಿಬಿರದ ಕೊನೆ ದಿನವೇ "ಈಗಲೇ ಅಡ್ವಾನ್ಸ್ ಕಟ್ಟಿದರೆ ಸೀಟು ಗ್ಯಾರಂಟಿ" ಅನ್ನುವುದುಂಟು. ಆವತ್ತು ಕಟ್ಟಬೇಡಿ. ಮಗನನ್ನು ಮನೆಗೆ ಕರೆತನ್ನಿ, ಆ ವಾರ ಕಳೆಯಲಿ. ಕಟ್ಟುವುದಾದರೆ, ಮಳೆಗಾಲದಲ್ಲಿ ಹುಡುಗ ಒಗ್ಗದೆ ಬಿಡಿಸಿಕೊಂಡು ಬಂದರೆ ಎಷ್ಟು ಹಣ ವಾಪಸ್ ಬರುತ್ತದೆ ಅನ್ನುವುದನ್ನು ಮೊದಲು ಬರಹದಲ್ಲಿ ತೆಗೆದುಕೊಳ್ಳಿ.