ನಂಬರ್ ಅವರದೇ, ಬರೆದವರು ಅವರೇ ಹೌದೇ?

ಹೊಸದಾಗಿ ಸ್ಮಾರ್ಟ್‌ಫೋನ್ ಹಿಡಿದವರಿಗೆ ವಾಟ್ಸಾಪ್ ಕಲಿಸುವಾಗ ಮೊದಲು ಸಂದೇಶ ಕಳಿಸುವುದನ್ನು ಹೇಳಿಕೊಡಬೇಕೋ, ಎಚ್ಚರಿಕೆಯ ಮಾತುಗಳನ್ನು ಹೇಳಬೇಕೋ ಎಂಬ ಚರ್ಚೆ ನಮ್ಮಂಥ ತರಬೇತುದಾರರ ನಡುವೆ ಆಗಾಗ ನಡೆಯುತ್ತದೆ. ಎಚ್ಚರಿಕೆಯಿಂದಲೇ ಆರಂಭಿಸಿದರೆ ಅರವತ್ತು ದಾಟಿದವರು ಫೋನನ್ನು ಮಗನ ಕೈಗಿತ್ತು ‘ನೀನೇ ನೋಡ್ಕೊಳ್ಳಪ್ಪ’ ಎಂದು ಸುಮ್ಮನಾಗಿಬಿಡುತ್ತಾರೆ. ಎಚ್ಚರಿಕೆಯನ್ನು ಕೊನೆಗೆ ಇಟ್ಟುಕೊಂಡರೆ ಆ ಕೊನೆಯ ತರಗತಿಗೆ ಯಾರೂ ಬರುವುದಿಲ್ಲ, ಏಕೆಂದರೆ ಅಷ್ಟರಲ್ಲಿ ಫೋಟೊ ಕಳಿಸುವುದು, ವಿಡಿಯೊ ಕಾಲ್ ಮಾಡುವುದು ಅವರಿಗೆ ಬಂದಿರುತ್ತದೆ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ, ಸ್ವಸಹಾಯ ಸಂಘಗಳ ಸಭೆಗಳಲ್ಲಿ ಕಲಿಸುತ್ತ ಬಂದಿರುವ ನಾನು ಈ ಎರಡನ್ನೂ ಬೇರೆ ಮಾಡುವುದಿಲ್ಲ. ಖಾತೆ ತೆರೆಯುವ ಹೊತ್ತಿನಲ್ಲೇ ಒಂದು ಮಾತನ್ನು ಹೇಳಿಬಿಡುತ್ತೇನೆ: ವಾಟ್ಸಾಪ್ ಪರಿಶೀಲಿಸುವುದು ಫೋನ್ ನಂಬರನ್ನು ಮಾತ್ರ, ಆ ನಂಬರನ್ನು ಬಳಸುತ್ತಿರುವ ಮನುಷ್ಯ ಯಾರೆಂಬುದನ್ನು ಅಲ್ಲ. ಮುಂದೆ ಹೇಳಬೇಕಾದ ಸುರಕ್ಷತೆಯ ಸಂಗತಿಗಳೆಲ್ಲ ಬಹುಮಟ್ಟಿಗೆ ಈ ಮಾತಿನಿಂದಲೇ ಹೊರಡುತ್ತವೆ.

ಖಾತೆ ತೆರೆಯುವ ಕ್ರಮವನ್ನೇ ನೋಡಿ. ಪ್ಲೇ ಸ್ಟೋರ್‌ನಿಂದ ಆ್ಯಪ್ ಇಳಿಸಿಕೊಂಡು ನಂಬರ್ ಕೊಟ್ಟರೆ ಆರು ಅಂಕಿಗಳ ಕೋಡ್ ಎಸ್‌ಎಂಎಸ್ ಮೂಲಕ ಬರುತ್ತದೆ, ಅದನ್ನು ತುಂಬಿದರೆ ಖಾತೆ ಸಿದ್ಧವಾಗುತ್ತದೆ. ಆಮೇಲೆ ಹೆಸರು ಕೇಳುತ್ತದೆ, ಫೋಟೊ ಕೇಳುತ್ತದೆ. ಇವೆರಡಕ್ಕೂ ಯಾವ ದಾಖಲೆಯೂ ಬೇಡ. ಇದನ್ನು ನಾನು ಬಾಯಲ್ಲಿ ಹೇಳಿ ಮುಗಿಸದೆ ಮಾಡಿಸಿ ತೋರಿಸುತ್ತೇನೆ. ತರಗತಿಯಲ್ಲಿ ಒಬ್ಬರ ಒಪ್ಪಿಗೆ ಪಡೆದು ಅವರ ಫೋಟೊ ತೆಗೆದು, ಇನ್ನೊಬ್ಬರ ಖಾತೆಗೆ ಅದನ್ನೇ ಡಿಪಿ ಮಾಡಿ, ಹೆಸರನ್ನೂ ಬದಲಿಸಿ, ಮೂರನೆಯವರಿಗೆ ಒಂದು ಸಂದೇಶ ಕಳಿಸುತ್ತೇವೆ. ಸಂದೇಶ ಪಡೆದ ಗೌರಮ್ಮನೋ ಸಾವಿತ್ರಮ್ಮನೋ ಫೋಟೊ ನೋಡಿ ‘ಇವರೇ ಕಳಿಸಿದ್ದು’ ಎಂದು ಪಕ್ಕದವರತ್ತ ಕೈ ತೋರಿಸುತ್ತಾರೆ, ಪಕ್ಕದವರ ಫೋನ್ ಮಾತ್ರ ಚೀಲದೊಳಗೇ ಇರುತ್ತದೆ. ಆಗ ಪರದೆಯ ಮೇಲ್ಭಾಗವನ್ನು ಓದಿಸುತ್ತೇನೆ. ನಾವು ಸೇವ್ ಮಾಡಿಕೊಂಡ ನಂಬರಾಗಿದ್ದರೆ ಅಲ್ಲಿ ನಾವೇ ಕೊಟ್ಟ ಹೆಸರು ಕಾಣುತ್ತದೆ, ಸೇವ್ ಮಾಡಿರದಿದ್ದರೆ ಅಂಕಿಗಳು ಕಾಣುತ್ತವೆ. ಆದ್ದರಿಂದ ಮೊದಲ ದಿನದ ಮನೆಪಾಠ ಸಂದೇಶ ಕಳಿಸುವುದಲ್ಲ. ಮಕ್ಕಳು, ಅಳಿಯ, ಸೊಸೆ, ಅಕ್ಕಪಕ್ಕದವರು, ಬ್ಯಾಂಕಿನ ಶಾಖೆ ಇವೆಲ್ಲವುಗಳ ನಂಬರನ್ನು ತಮ್ಮ ಕೈಯಾರೆ, ತಮಗೆ ತಿಳಿಯುವ ಹೆಸರಿನಲ್ಲಿ, ಕನ್ನಡದಲ್ಲೇ ಸೇವ್ ಮಾಡಿಕೊಂಡು ಬರುವುದು. ಕನ್ನಡದಲ್ಲಿ ಟೈಪ್ ಮಾಡುವುದು ಕಷ್ಟವೆನಿಸಿದರೆ ಕೀಲಿಮಣೆಯ ಮೈಕ್ ಗುರುತನ್ನು ಒತ್ತಿ ಮಾತನಾಡಿದರೆ ಸಾಕು, ಅದು ಅಕ್ಷರಕ್ಕೆ ಇಳಿಸುತ್ತದೆ. ನಮ್ಮ ಕಡೆಯ ಆಡುಮಾತಿಗೆ ಒಮ್ಮೊಮ್ಮೆ ತಡವರಿಸಿದರೂ ತಿದ್ದಿಕೊಳ್ಳುವಷ್ಟು ಚೆನ್ನಾಗಿಯೇ ಬರೆಯುತ್ತದೆ.

ಹೀಗೆ ಸೇವ್ ಮಾಡಿಕೊಂಡವರಿಗೆ ಬಹಳ ಸಾಮಾನ್ಯವಾದ ಒಂದು ಮೋಸ ಕೂಡಲೇ ಕಣ್ಣಿಗೆ ಬೀಳುತ್ತದೆ. ‘ಮಾವ, ನನ್ನ ಫೋನ್ ಹಾಳಾಗಿದೆ, ಇದು ಹೊಸ ನಂಬರ್. ಅರ್ಜೆಂಟಾಗಿ ಹತ್ತು ಸಾವಿರ ಬೇಕಿತ್ತು, ಸಂಜೆ ವಾಪಸ್ ಹಾಕ್ತೀನಿ’ ಎಂಬ ಸಂದೇಶ ಅಳಿಯನದೇ ಫೋಟೊ ಹೊತ್ತು ಬರುತ್ತದೆ. ಆ ಫೋಟೊ ಅಳಿಯನ ಫೇಸ್‌ಬುಕ್‌ನಿಂದಲೋ ಅವನದೇ ಡಿಪಿಯಿಂದಲೋ ತೆಗೆದದ್ದಾಗಿರುತ್ತದೆ. ಇಲ್ಲಿ ಮಾಡಬೇಕಾದದ್ದು ಆ ಸಂದೇಶಕ್ಕೆ ಉತ್ತರವಾಗಿ ‘ನೀನು ಯಾರು’ ಎಂದು ವಿಚಾರಿಸುವುದಲ್ಲ, ಅಳಿಯನ ಹಳೆಯ ನಂಬರಿಗೆ ನಾವೇ ಕರೆ ಮಾಡುವುದು. ಅದು ತಾಗದಿದ್ದರೆ ಮಗಳಿಗೆ ಮಾಡಬೇಕು. ವಿಚಾರಿಸುವ ದಾರಿ ಸಂದೇಶ ಬಂದ ದಾರಿಯಾಗಿರಬಾರದು. ಮಾತನಾಡುವ ಶೈಲಿಯಿಂದ ಗುರುತು ಹಿಡಿಯುತ್ತೇನೆ ಎನ್ನುವವರಿದ್ದಾರೆ. ತಪ್ಪುತಪ್ಪಾದ ಕನ್ನಡವೇ ಮೋಸಗಾರನ ಗುರುತಾಗಿದ್ದ ಕಾಲ ಮುಗಿಯಿತು. ಈಗ ಯಂತ್ರ ಒಳ್ಳೆಯ ಕನ್ನಡ ಬರೆಯುತ್ತದೆ, ಪರಿಚಿತರ ದನಿಯನ್ನು ಅನುಕರಿಸುವ ಸಾಧನಗಳೂ ಬಂದಿವೆ.

ಇದಕ್ಕಿಂತ ತೊಡಕಿನದು ನಂಬರ್ ಸರಿಯಾಗಿಯೇ ಇದ್ದು ಮನುಷ್ಯ ಬೇರೆಯಾಗಿರುವ ಸಂದರ್ಭ. ಖಾತೆಗೆ ನಂಬರೇ ಗುರುತು ಮತ್ತು ಆರಂಕಿಯ ಕೋಡೇ ಆ ನಂಬರಿಗೆ ಸಾಕ್ಷಿ ಎಂದ ಮೇಲೆ, ಆ ಕೋಡ್ ಯಾರಿಗೆ ಸಿಕ್ಕಿತೋ ಅವರ ಫೋನಿನಲ್ಲಿ ನಿಮ್ಮ ಖಾತೆ ತೆರೆದುಕೊಳ್ಳುತ್ತದೆ. ‘ನನ್ನದೊಂದು ಕೋಡ್ ತಪ್ಪಿ ನಿಮ್ಮ ನಂಬರಿಗೆ ಬಂದಿದೆ, ಸ್ವಲ್ಪ ಕಳಿಸಿ’ ಎಂದು ಪರಿಚಿತರ ಖಾತೆಯಿಂದಲೇ ಸಂದೇಶ ಬರುತ್ತದೆ. ಆ ಪರಿಚಿತರ ಖಾತೆ ಹಿಂದಿನ ದಿನವೇ ಕೈತಪ್ಪಿರುತ್ತದೆ. ಕಳಿಸಿದ ಮರುಕ್ಷಣ ನಿಮ್ಮ ಫೋನಿನಲ್ಲಿ ವಾಟ್ಸಾಪ್ ಲಾಗ್ಔಟ್ ಆಗಿ, ನಿಮ್ಮ ಹೆಸರಿನಲ್ಲಿ ನಿಮ್ಮ ಬಳಗದವರಿಗೆ ಹಣ ಕೇಳುವ ಸಂದೇಶಗಳು ಹೋಗತೊಡಗುತ್ತವೆ. ಇದಕ್ಕೆ ತಡೆ ಸೆಟ್ಟಿಂಗ್ಸ್‌ನ ಖಾತೆ ವಿಭಾಗದಲ್ಲಿರುವ ಎರಡು ಹಂತದ ಪರಿಶೀಲನೆ. 2017ರಿಂದ ಎಲ್ಲ ಬಳಕೆದಾರರಿಗೂ ಲಭ್ಯವಿರುವ ಈ ಸೌಲಭ್ಯದಲ್ಲಿ ನೀವೇ ಆರಂಕಿಯ ಪಿನ್ ಒಂದನ್ನು ಇಟ್ಟುಕೊಳ್ಳುತ್ತೀರಿ; ಎಸ್‌ಎಂಎಸ್‌ನಲ್ಲಿ ಬಂದ ಕೋಡ್ ಬೇರೆಯವರಿಗೆ ಸಿಕ್ಕರೂ ಪಿನ್ ತಿಳಿಯದೆ ಅವರು ಮುಂದೆ ಹೋಗಲಾರರು. ಹುಟ್ಟಿದ ದಿನಾಂಕವನ್ನೇ ಪಿನ್ ಮಾಡುವುದು ನಮ್ಮಲ್ಲಿ ವಾಡಿಕೆಯಾಗಿಬಿಟ್ಟಿದೆ. ಆಧಾರ್ ಪ್ರತಿಯನ್ನು ಜೆರಾಕ್ಸ್ ಅಂಗಡಿಯಿಂದ ಹಿಡಿದು ಲಾಡ್ಜಿನವರೆಗೆ ಹಂಚಿರುವ ನಾಡಿನಲ್ಲಿ ಹುಟ್ಟಿದ ದಿನಾಂಕ ಗುಟ್ಟಾಗಿ ಉಳಿದಿಲ್ಲ.

ಖಾತೆ ಕೈತಪ್ಪಿದ್ದರೆ ಗಾಬರಿಯಾಗಬೇಕಿಲ್ಲ. ನಿಮ್ಮ ಸಿಮ್ ನಿಮ್ಮಲ್ಲೇ ಇದೆಯಾದ್ದರಿಂದ ಮತ್ತೆ ನಂಬರ್ ಕೊಟ್ಟು, ಹೊಸ ಕೋಡ್ ತರಿಸಿಕೊಂಡು ತುಂಬಿದರೆ ಆ ಕಡೆಯವನು ಹೊರಬೀಳುತ್ತಾನೆ. ಅವನು ತನ್ನದೇ ಪಿನ್ ಹಾಕಿಟ್ಟಿದ್ದರೆ ನಿಮಗೆ ಪೂರ್ತಿ ಪ್ರವೇಶ ಸಿಗಲು 7 ದಿನ ಕಾಯಬೇಕಾದೀತು, ಆದರೆ ಆ 7 ದಿನ ಅವನೂ ಒಳಗಿರುವುದಿಲ್ಲ. ಇನ್ನೊಂದು ಬಗೆಯ ಕಳ್ಳದಾರಿಯಲ್ಲಿ ಇಷ್ಟು ಸುಳಿವೂ ಸಿಗುವುದಿಲ್ಲ. ಒಂದು ಖಾತೆಗೆ ಫೋನಿನ ಜೊತೆ ನಾಲ್ಕು ಸಾಧನಗಳನ್ನು ಲಿಂಕ್ ಮಾಡಬಹುದು. ಕ್ಯೂಆರ್ ಸ್ಕ್ಯಾನ್ ಮಾಡಿಸಿಯೋ, ಎಂಟು ಅಕ್ಷರಗಳ ಕೋಡನ್ನು ನಿಮ್ಮ ಫೋನಿನಲ್ಲಿ ನಿಮ್ಮಿಂದಲೇ ತುಂಬಿಸಿಯೋ ಯಾರಾದರೂ ತಮ್ಮ ಕಂಪ್ಯೂಟರನ್ನು ಲಿಂಕ್ ಮಾಡಿಕೊಂಡರೆ ನಿಮ್ಮ ವಾಟ್ಸಾಪ್ ಎಂದಿನಂತೆಯೇ ನಡೆಯುತ್ತಿರುತ್ತದೆ, ಅವರು ಅಲ್ಲಿ ಕುಳಿತು ಎಲ್ಲವನ್ನೂ ಓದುತ್ತಿರುತ್ತಾರೆ. ಆದ್ದರಿಂದ ಲಿಂಕ್ ಆಗಿರುವ ಸಾಧನಗಳ ಪಟ್ಟಿಯನ್ನು ಆಗಾಗ ತೆರೆದು ನೋಡಿ, ನಿಮ್ಮದಲ್ಲದ್ದು ಕಂಡರೆ ಅದರ ಮೇಲೆ ಒತ್ತಿ ಲಾಗ್ಔಟ್ ಮಾಡುವ ಅಭ್ಯಾಸವಿರಲಿ. ಸೈಬರ್ ಸೆಂಟರಿನಲ್ಲಿ ಪ್ರಿಂಟ್ ತೆಗೆಸಲೆಂದು ಅಲ್ಲಿನ ಕಂಪ್ಯೂಟರಿಗೆ ಲಿಂಕ್ ಮಾಡಿ ಹಾಗೆಯೇ ಎದ್ದುಬಂದವರು ಅನೇಕರಿದ್ದಾರೆ.

ಈಚಿನ ವರ್ಷಗಳಲ್ಲಿ ಹೆಚ್ಚು ನಷ್ಟ ತಂದಿರುವ ಎಪಿಕೆ ಫೈಲಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಮದುವೆಯ ಆಮಂತ್ರಣ, ವಾಹನದ ದಂಡದ ಚಲನ್, ಪಿಎಂ ಕಿಸಾನ್ ಕಂತು, ಬ್ಯಾಂಕಿನ ಕೆವೈಸಿ ಹೀಗೆ ಕಾಲಕ್ಕೆ ತಕ್ಕ ವೇಷದಲ್ಲಿ ಅದು ಬರುತ್ತದೆ, ಲಗ್ನದ ದಿನಗಳಲ್ಲಿ ಆಮಂತ್ರಣದ ವೇಷವೇ ಹೆಚ್ಚು. ನಿಜವಾದ ಆಮಂತ್ರಣ ಫೋಟೊ ಆಗಿದ್ದರೆ ಚಾಟ್‌ನಲ್ಲೇ ಚಿತ್ರ ಕಾಣುತ್ತದೆ, ಪಿಡಿಎಫ್ ಆಗಿದ್ದರೆ ಸಾಮಾನ್ಯವಾಗಿ ಮೊದಲ ಪುಟ ಸಣ್ಣದಾಗಿ ಕಾಣುತ್ತದೆ. ಎಪಿಕೆಯಲ್ಲಿ ಚಿತ್ರವಿರುವುದಿಲ್ಲ; ಬರಿಯ ಕಾಗದದ ಗುರುತು, ಪಕ್ಕದಲ್ಲಿ ‘ವಿವಾಹ ಆಮಂತ್ರಣ’ ಎಂಬಂಥ ಹೆಸರು, ಅದರ ತುದಿಯಲ್ಲಿ ಒಂದು ಚುಕ್ಕೆ ಮತ್ತು ಎ, ಪಿ, ಕೆ ಎಂಬ ಮೂರು ಇಂಗ್ಲಿಷ್ ಅಕ್ಷರಗಳು. ಇದು ಕಾಗದಪತ್ರವಲ್ಲ, ಫೋನಿಗೆ ಇಳಿಯುವ ಆ್ಯಪ್. ಒತ್ತಿದ ತಕ್ಷಣ ಹಣ ಹೋಗುವುದಿಲ್ಲ ಎಂಬುದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಬೆರಳು ತಾಗಿದೊಡನೆ ಎಲ್ಲ ಮುಗಿಯಿತೆಂದು ಕೈಚೆಲ್ಲುವವರು ಮುಂದಿನ ಎರಡು ಬಾಗಿಲುಗಳನ್ನೂ ಗಮನಿಸುವುದಿಲ್ಲ. ಮೊದಲು ಆಂಡ್ರಾಯ್ಡ್ ‘ಅಪರಿಚಿತ ಮೂಲದ ಆ್ಯಪ್ ಇನ್‌ಸ್ಟಾಲ್ ಮಾಡಲು ಅನುಮತಿ ಕೊಡುತ್ತೀರಾ’ ಎಂದು ಕೇಳುತ್ತದೆ. ಅದಕ್ಕೆ ಒಪ್ಪಿದರೆ, ಇನ್‌ಸ್ಟಾಲ್ ಆದ ಆ್ಯಪ್ ಎಸ್‌ಎಂಎಸ್ ಓದಲು ಅನುಮತಿ ಕೇಳುತ್ತದೆ. ಲಗ್ನಪತ್ರಿಕೆಗೆ ನಿಮ್ಮ ಎಸ್‌ಎಂಎಸ್ ಓದುವ ಅಗತ್ಯವೇನು? ಆ ಅನುಮತಿ ಸಿಕ್ಕ ಮೇಲೆ ಬ್ಯಾಂಕಿನ ಒಟಿಪಿ ಅವರಿಗೆ ತಲುಪುತ್ತದೆ, ವಾಟ್ಸಾಪ್‌ನ ಆರಂಕಿಯ ಕೋಡೂ ತಲುಪುತ್ತದೆ. ಖಾತೆ ಅವರ ಕೈಗೆ ಹೋದೊಡನೆ ಅದೇ ಫೈಲ್ ನಿಮ್ಮ ಹೆಸರಿನಲ್ಲಿ ನಿಮ್ಮ ಗುಂಪುಗಳಿಗೆಲ್ಲ ಹೋಗುತ್ತದೆ. ಎಪಿಕೆ ಅಪರಿಚಿತರಿಂದಲೇ ಬರುತ್ತದೆ ಎಂದು ತಿಳಿದವರು ಮೋಸಹೋಗುವುದು ಇಲ್ಲಿಯೇ. ಅದು ಬಹಳ ಸಲ ಸ್ವಂತ ಬೀಗರ ನಂಬರಿನಿಂದಲೇ ಬರುತ್ತದೆ.

ವಾಟ್ಸಾಪ್ ಎಂಡ್ ಟು ಎಂಡ್ ಎನ್‌ಕ್ರಿಪ್ಷನ್ (ಸಂದೇಶವನ್ನು ನಡುದಾರಿಯಲ್ಲಿ ಯಾರೂ ಓದಲಾಗದಂತೆ ಮಾಡುವ ರಕ್ಷಣೆ) ಹೊಂದಿದೆ, ಆದ್ದರಿಂದ ಸುರಕ್ಷಿತ ಎಂಬ ಮಾತನ್ನು ಓದುಬರಹ ಬಲ್ಲವರು ಹೆಚ್ಚಾಗಿ ಹೇಳುತ್ತಾರೆ. 2016ರಿಂದ ಎಲ್ಲ ಬಳಕೆದಾರರ ಸಂದೇಶಗಳಿಗೂ ಈ ರಕ್ಷಣೆಯಿರುವುದು ನಿಜ, ಅದು ಚಿಕ್ಕ ಸಂಗತಿಯೂ ಅಲ್ಲ. ಆದರೆ ಅಂಟಿಸಿದ ಲಕೋಟೆಯಂತೆ ಅದು ಕಾಯುವುದು ದಾರಿಯನ್ನು. ಲಕೋಟೆಯೊಳಗಿನ ಪತ್ರವನ್ನು ಬರೆದವರು ಯಾರು, ಓದುವವರು ಯಾರು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

‘ಡಿಜಿಟಲ್ ಅರೆಸ್ಟ್’ ಎಂಬ ಹೆಸರಿನ ಬೆದರಿಕೆಯೂ ಇದೇ ಸಂದಿನಲ್ಲಿ ನುಸುಳಿದ್ದು. ಹಳ್ಳಿಯ ಕಲಿಕಾರ್ಥಿಗಳಿಗಿಂತ ನಿವೃತ್ತ ಅಧಿಕಾರಿಗಳು, ಉಪನ್ಯಾಸಕರು, ವೈದ್ಯರು ಇದಕ್ಕೆ ಬಲಿಯಾಗುವುದನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ, ಅದಕ್ಕೆ ಕಾರಣ ಬ್ಯಾಂಕಿನಲ್ಲಿರುವ ಠೇವಣಿ ಮಾತ್ರವಲ್ಲ, ಕಾನೂನಿಗೆ ಹೆದರಿ ನಡೆಯುವ ಸ್ವಭಾವವೂ ಹೌದೆಂದು ನನ್ನ ಅನಿಸಿಕೆ. ವಿಡಿಯೊ ಕಾಲ್‌ನಲ್ಲಿ ಖಾಕಿ ತೊಟ್ಟವನೊಬ್ಬ ಕಾಣಿಸಿಕೊಂಡು, ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕವಸ್ತು ಸಿಕ್ಕಿದೆ, ನಿಮ್ಮ ಆಧಾರ್ ಬಳಸಿ ಖಾತೆ ತೆರೆಯಲಾಗಿದೆ, ತನಿಖೆ ಮುಗಿಯುವವರೆಗೆ ಕ್ಯಾಮೆರಾದ ಮುಂದಿನಿಂದ ಏಳಬೇಡಿ, ಮನೆಯವರಿಗೂ ಹೇಳಬೇಡಿ ಎನ್ನುತ್ತಾನೆ. ವಿಡಿಯೊ ಕಾಲ್‌ನಲ್ಲಿ ಬಂಧಿಸುವ ಯಾವ ವಿಧಾನವೂ ಭಾರತದ ಕಾನೂನಿನಲ್ಲಿಲ್ಲ. ವಿಚಾರಣೆಗೆ ಹಾಜರಾಗುವಂತೆ ಪೊಲೀಸರು ಕೊಡುವ ನೋಟಿಸನ್ನೂ ವಾಟ್ಸಾಪ್ ಮೂಲಕ ಜಾರಿ ಮಾಡಕೂಡದೆಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ನಿರ್ದೇಶಿಸಿದೆ. ‘ಯಾರಿಗೂ ಹೇಳಬೇಡಿ’ ಎಂಬ ಮಾತು ಬಂದ ಕೂಡಲೇ ಕರೆ ಕತ್ತರಿಸಿ, ಮನೆಯಲ್ಲಿ ಯಾರಿದ್ದಾರೋ ಅವರಿಗೆ ಹೇಳಬೇಕು. ಒಬ್ಬರೇ ಇದ್ದರೆ ನೆರೆಮನೆಯ ಬಾಗಿಲು ತಟ್ಟಬೇಕು. ಅಪರಿಚಿತ ನಂಬರಿನ ಕರೆಗಳು ಸದ್ದು ಮಾಡದಂತೆ ಮಾಡುವ ಆಯ್ಕೆ ವಾಟ್ಸಾಪ್‌ನ ಗೌಪ್ಯತೆ ವಿಭಾಗದಲ್ಲೇ ಇದೆ, ಒಂಟಿಯಾಗಿರುವ ಹಿರಿಯರ ಫೋನಿನಲ್ಲಿ ಅದನ್ನು ಹಾಕಿಟ್ಟರೆ ಒಳ್ಳೆಯದು.

ಅದೇ ವಿಭಾಗದಲ್ಲಿ ನಿಮ್ಮನ್ನು ಯಾರು ಗುಂಪಿಗೆ ಸೇರಿಸಬಹುದು ಎಂಬ ಆಯ್ಕೆಯೂ ಇದೆ. ‘ನನ್ನ ಸಂಪರ್ಕಗಳು’ ಎಂದು ಬದಲಿಸಿಕೊಂಡರೆ, ಷೇರು ಪೇಟೆಯಲ್ಲಿ ವಾರಕ್ಕೆ ದುಪ್ಪಟ್ಟು ಎನ್ನುವ ಗುಂಪುಗಳಿಗೆ ಅಪರಿಚಿತರು ನಿಮ್ಮನ್ನು ನೇರವಾಗಿ ಎಳೆದುಕೊಳ್ಳಲಾರರು. ಆ ಗುಂಪುಗಳಲ್ಲಿ ‘ನನಗೆ ಇಂದು ಇಷ್ಟು ಲಾಭ ಬಂತು’ ಎಂದು ಬರೆಯುವವರೆಲ್ಲ ಸಾಮಾನ್ಯವಾಗಿ ಒಂದೇ ತಂಡದವರು. ಡಿಪಿ ಯಾರಿಗೆ ಕಾಣಬೇಕು ಎಂಬುದನ್ನೂ ಅಲ್ಲೇ ಸರಿಪಡಿಸಿಕೊಳ್ಳಬಹುದು. ಶುಭೋದಯದ ಹೂವಿನ ಚಿತ್ರಗಳಿಂದ ಅಪಾಯವಿಲ್ಲ, ಫೋನಿನ ಜಾಗ ತುಂಬುತ್ತದೆ ಅಷ್ಟೆ. ತಾನಾಗಿ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿದರೆ ಸಾಕು.

ಫಾರ್ವರ್ಡ್ ಮಾಡುವ ವಿಷಯವನ್ನು ಮಾತ್ರ ಹಗುರಾಗಿ ಬಿಡಲಾಗದು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿಯನ್ನು ನಂಬಿದ ಜನ ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರನ್ನು ಹೊಡೆದು ಕೊಂದರು. ಅಂಥ ಸಾವುಗಳು ದೇಶದ ಹಲವೆಡೆ ಆದ ಮೇಲೆಯೇ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಳಿಗಷ್ಟೇ ಫಾರ್ವರ್ಡ್ ಮಾಡುವ ಮಿತಿ ಬಂದದ್ದು. ಹಲವು ಕೈ ದಾಟಿ ಬಂದ ಸಂದೇಶದ ಮೇಲೆ ಜೋಡಿ ಬಾಣದ ಗುರುತಿರುತ್ತದೆ, 2020ರಿಂದ ಅದನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸಲು ಸಾಧ್ಯ. ಆ ಜೋಡಿ ಬಾಣದ ಅರ್ಥ ಸುದ್ದಿ ಸುಳ್ಳೆಂದಲ್ಲ. ಇದನ್ನು ಮೊದಲು ಬರೆದವರು ಯಾರೆಂಬುದು ಕಳಿಸಿದವರಿಗೂ ಗೊತ್ತಿಲ್ಲ ಎಂದು.

ಇಷ್ಟಾದರೂ ಹಣ ಹೋಗಬಹುದು. ಹೋದರೆ ಮೊದಲ ಕೆಲಸ 1930ಕ್ಕೆ ಕರೆ ಮಾಡುವುದು. ಇದು ಸೈಬರ್ ಹಣಕಾಸು ವಂಚನೆಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ. ಹಣ ಹೋದ ಖಾತೆಯಿಂದ ಖಾತೆಗೆ ಬೆನ್ನುಹತ್ತಿ, ಇನ್ನೂ ತೆಗೆಯದೆ ಉಳಿದಿರುವುದನ್ನು ತಡೆಹಿಡಿಸುವ ವ್ಯವಸ್ಥೆ ಇದರ ಹಿಂದಿದೆ. ಕಳ್ಳರು ಹಣವನ್ನು ಬೇಗಬೇಗ ಹಲವು ಖಾತೆಗಳಿಗೆ ಹಂಚುವುದರಿಂದ ಮೊದಲ ಗಂಟೆಯೊಳಗೆ ಮಾಡಿದ ಕರೆಗೂ ಮರುದಿನ ಮಾಡಿದ ಕರೆಗೂ ಬಹಳ ಅಂತರವಿದೆ. ಕರೆ ಮಾಡುವಾಗ ಬ್ಯಾಂಕಿನ ಹೆಸರು, ಖಾತೆ ಸಂಖ್ಯೆ, ಹೋದ ಮೊತ್ತ, ಸಮಯ ಮತ್ತು ವಹಿವಾಟಿನ ಸಂಖ್ಯೆ ಕೈಯಲ್ಲಿರಬೇಕು. ಅದರ ಬೆನ್ನಿಗೇ ಬ್ಯಾಂಕಿಗೂ ತಿಳಿಸಿ ದೂರಿನ ಸಂಖ್ಯೆ ಪಡೆಯಬೇಕು. ರಿಸರ್ವ್ ಬ್ಯಾಂಕ್ 2017ರಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ ಗ್ರಾಹಕರೇ ಒಟಿಪಿ, ಪಿನ್ ಹೇಳಿದ್ದರಿಂದ ಆದ ನಷ್ಟ ಬ್ಯಾಂಕಿಗೆ ತಿಳಿಸುವವರೆಗೆ ಗ್ರಾಹಕರದು, ತಿಳಿಸಿದ ಮೇಲೂ ಹಣ ಹೋದರೆ ಅದು ಬ್ಯಾಂಕಿನದು. ಹಾಗಾಗಿ ತಿಳಿಸಿದ ಗಳಿಗೆಗೆ ಲಿಖಿತ ಸಾಕ್ಷಿ ಇರುವುದು ಮುಖ್ಯ.

ಹಿರಿಯರು ಹೆಚ್ಚಾಗಿ ಈ ಮೊದಲ ಗಂಟೆಯನ್ನು ಕಳೆದುಕೊಳ್ಳುವುದು ಅಜ್ಞಾನದಿಂದಲ್ಲ, ಮಕ್ಕಳು ಬೈಯುತ್ತಾರೆಂಬ ಭಯದಿಂದ. ‘ಮುಟ್ಟಬೇಡ ಅಂದಿರಲಿಲ್ವಾ’ ಎಂದು ಒಮ್ಮೆ ಬೈಸಿಕೊಂಡವರು ಎರಡನೆಯ ಸಲ ಹೇಳುವುದೇ ಇಲ್ಲ. ಜೊತೆಗೆ ನಾಚಿಕೆಯಿಂದ ಇಡೀ ಚಾಟನ್ನು ಅಳಿಸಿಬಿಡುತ್ತಾರೆ, ನಂಬರನ್ನು ಬ್ಲಾಕ್ ಮಾಡುತ್ತಾರೆ. ಬ್ಲಾಕ್ ಮಾಡಲು ಅಡ್ಡಿಯಿಲ್ಲ, ಚಾಟ್ ಅಳಿಸಬಾರದು. ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಯಲ್ಲಿ ತನಿಖಾಧಿಕಾರಿ ಮೊದಲು ಕೇಳುವುದು ಆ ಸಂದೇಶಗಳನ್ನು, ಕಳಿಸಿದ ನಂಬರನ್ನು ಮತ್ತು ಹಣ ಹೋದ ಯುಪಿಐ ಐಡಿಯನ್ನು. ಮೂರರದೂ ಸ್ಕ್ರೀನ್‌ಶಾಟ್ ತೆಗೆದು ಪ್ರಿಂಟ್ ಮಾಡಿಸಿಕೊಂಡು, ಅದೇ ಫೋನನ್ನೂ ಜೊತೆಗೊಯ್ಯಬೇಕು. ಎಪಿಕೆ ಇನ್‌ಸ್ಟಾಲ್ ಆಗಿದ್ದ ಫೋನಾಗಿದ್ದರೆ ಇಂಟರ್ನೆಟ್ ಆಫ್ ಮಾಡಿ, ಸಿಮ್ ತೆಗೆದು ಬೇರೆ ಫೋನಿಗೆ ಹಾಕಿಕೊಂಡು ಹೋಗಬೇಕು.