ಚಿಕ್ಕಪ್ಪನ ಸಿಟ್ಟು ಎಲ್ಲಿಂದ ಬಂತು

ಚಿಕ್ಕಪ್ಪ ಯಾವತ್ತೂ ಚಿಕ್ಕಮ್ಮನ ಮೇಲೆ ದನಿ ಏರಿಸಿದವರಲ್ಲ. ತಲೆ ಆಪರೇಷನ್ ಆಗಿ ರಾಜಾಜಿನಗರದ ಮನೆಗೆ ಬಂದ ಎರಡನೇ ವಾರ, ರಾತ್ರಿ ಎರಡು ಗಂಟೆಗೆ ಎದ್ದು ಕೂತು ಉಪ್ಪಿಟ್ಟು ಬೇಕು ಅಂದ್ರು, ಮಾಡ್ಕೊಟ್ರೆ ಲೇಟಾಯ್ತು ಅಂತ ತಟ್ಟೆ ತಳ್ಳಿಬಿಟ್ರು. ಚಿಕ್ಕಮ್ಮ ಅಡುಗೆಮನೇಲಿ ನಿಂತು ಅಳ್ತಾ "ಇವರು ನಮ್ಮನೆಯವರಲ್ಲ ಕಣೋ, ಯಾರೋ ಬೇರೆಯವರು" ಅಂದ್ರು.

ಗಡ್ಡೆ ಇದ್ದಿದ್ದು ಹಣೆ ಹಿಂದೆ, ಫ್ರಂಟಲ್ ಲೋಬ್ ಅಂತಾರಲ್ಲ ಅಲ್ಲಿ. ಗ್ಲಿಯೋಬ್ಲಾಸ್ಟೋಮಾ, ಅಂದ್ರೆ ಮೆದುಳಲ್ಲೇ ಹುಟ್ಟೋ ಕ್ಯಾನ್ಸರ್, ಗ್ರೇಡ್ 4, ಅತೀ ಜೋರಿನದ್ದು. ಬಾಯಿಗೆ ಬಂದ ಮಾತನ್ನ ನುಂಗ್ಕೊಳ್ಳೋದು, ತಾಳ್ಮೆ, ಎದ್ದು ಒಂದು ಕೆಲಸ ಶುರು ಮಾಡೋ ಮನಸ್ಸು, ಇದಕ್ಕೆಲ್ಲಾ ಆ ಜಾಗ ಬೇಕು. ಅಲ್ಲಿ ಪೆಟ್ಟು ಬಿದ್ರೆ ಕೆಲವರು ರೇಗ್ತಾರೆ, ಇನ್ನು ಕೆಲವರು ಗೋಡೆ ನೋಡ್ಕೊಂಡು ಸುಮ್ನೆ ಕೂತುಬಿಡ್ತಾರೆ, ಮನೆಯವರಿಗೆ ಅದು ಹಠ, ಸೋಮಾರಿತನ ಅನ್ಸತ್ತೆ. ಹಿಂದೊಂದ್ಸಲ ನಿಮ್ಹಾನ್ಸ್ ಬ್ರೈನ್ ಮ್ಯೂಸಿಯಂಗೆ ಹೋದಾಗ ನಿಜವಾದ ಮೆದುಳು ಕೈಗೆ ಕೊಟ್ಟಿದ್ರು, ಎರಡು ಅಂಗೈಯಲ್ಲಿ ಹಿಡಿಸೋಷ್ಟೇ. ಒಬ್ಬರ ಸ್ವಭಾವ ಪೂರ್ತಿ ಅದರೊಳಗೇ ಇರತ್ತೆ ಅಂತ ನನಗೆ ಅರ್ಥ ಆಗಿದ್ದು ಆ ಉಪ್ಪಿಟ್ಟಿನ ರಾತ್ರಿ.

ಆದ್ರೆ ಪೂರ್ತಿ ಗಡ್ಡೇದೇ ತಪ್ಪಲ್ಲ. ಗಡ್ಡೆ ಸುತ್ತ ರಕ್ತನಾಳ ಸೋರಿ ಮೆದುಳು ಊದ್ಕೊಳತ್ತೆ, ತಲೆಬುರುಡೆ ಹಿಗ್ಗಲ್ಲ, ಒಳಗೆ ಒತ್ತಡ ಏರತ್ತೆ, ಅದನ್ನ ಇಳಿಸೋಕೆ ಡೆಕ್ಸಾಮೆಥಾಸೋನ್ ಅನ್ನೋ ಸ್ಟೀರಾಯ್ಡ್ ಕೊಡ್ತಾರೆ. ತಲೆನೋವು ಒಂದೆರಡು ದಿನದಲ್ಲೇ ಕಮ್ಮಿಯಾಗಬಹುದು, ಜೊತೆಗೇ ನಿದ್ದೆ ಹೋಗತ್ತೆ, ವಿಪರೀತ ಹಸಿವು, ಶುಗರ್ ಏರತ್ತೆ, ಮೂಗಿನ ತುದೀಲಿ ಸಿಟ್ಟು, ವಾರಗಟ್ಟಲೆ ತಗೊಂಡ್ರೆ ತೊಡೆ ಸ್ನಾಯು ಸೋತು ಇಂಡಿಯನ್ ಟಾಯ್ಲೆಟ್‌ನಿಂದ ಏಳೋಕೂ ಆಗಲ್ಲ. ಹಾಗಂತ ಮಾತ್ರೆನ ನಾವೇ ನಿಲ್ಲಿಸಬಾರದು, ಯಾಕಂದ್ರೆ ಮಾತ್ರೆ ಬರ್ತಿದೆ ಅಂತ ದೇಹ ತನ್ನ ಸ್ವಂತ ಸ್ಟೀರಾಯ್ಡ್ ಮಾಡೋದನ್ನ ಕಮ್ಮಿ ಮಾಡಿರತ್ತೆ, ತಟ್ಟನೆ ನಿಲ್ಲಿಸಿದ್ರೆ ಜೀವಕ್ಕೇ ಅಪಾಯ, ಡಾಕ್ಟರೇ ಮೆಲ್ಲಗೆ ಇಳಿಸಬೇಕು. ಫಿಟ್ಸ್‌ಗೆ ಕೊಡೋ ಲೆವೆಟಿರಾಸಿಟಾಮ್ ಕೂಡ ಕೆಲವರಲ್ಲಿ ಸಿಡುಕು ತರತ್ತೆ, ಅದನ್ನೂ ಡಾಕ್ಟರಿಗೆ ಹೇಳಬೇಕು, ಬೇರೆ ಮಾತ್ರೆಗಳಿವೆ.

ಫಿಟ್ಸ್ ಬಂದ್ರೆ ಕೈಗೆ ಬೀಗದ ಕೀ ಕೊಡೋದು ಬೇಡ, ದಯವಿಟ್ಟು. ಬಾಯಿಗೆ ಚಮಚ, ನೀರು ಏನೂ ಹಾಕಬೇಡಿ, ಅದುಮಿ ಹಿಡೀಬೇಡಿ. ಪಕ್ಕಕ್ಕೆ ಹೊರಳಿಸಿ ಗಡಿಯಾರ ನೋಡಿ, 5 ನಿಮಿಷ ದಾಟಿದ್ರೆ 108ಕ್ಕೆ ಫೋನ್ ಮಾಡಿ.

ಆಮೇಲೆ ರೇಡಿಯೇಷನ್, ಸೋಮವಾರದಿಂದ ಶುಕ್ರವಾರ, 30 ಸಿಟ್ಟಿಂಗ್, ಜೊತೆಗೆ ದಿನಾ ಟೆಮೊಜೊಲೊಮೈಡ್ ಅನ್ನೋ ಕೀಮೋ ಕ್ಯಾಪ್ಸೂಲ್. 2005ರಲ್ಲಿ ಬಂದ ದೊಡ್ಡ ಅಧ್ಯಯನದ ನಂತರ ಇದೇ ಎಲ್ಲಾ ಕಡೆ ರೂಢಿ. ಆ ಅಧ್ಯಯನದಲ್ಲಿ ಬರೀ ರೇಡಿಯೇಷನ್ ತಗೊಂಡವರಲ್ಲಿ ಅರ್ಧದಷ್ಟು ಜನ ಸುಮಾರು 12 ತಿಂಗಳು ದಾಟಿದ್ರು, ಕ್ಯಾಪ್ಸೂಲ್ ಸೇರಿಸಿದವರಲ್ಲಿ ಅರ್ಧದಷ್ಟು ಜನ 14.6 ತಿಂಗಳು, ಹೆಚ್ಚಾಗಿದ್ದು ಅಷ್ಟೇ. ಅದಕ್ಕೇ ಆ ತಿಂಗಳುಗಳು ಹೇಗೆ ಕಳೀತವೆ ಅನ್ನೋದು ನನಗೆ ಅಷ್ಟು ದೊಡ್ಡ ವಿಷಯ. ತಲೆ ಅಲ್ಲಾಡದ ಹಾಗೆ ಮುಖಕ್ಕೆ ಬಿಗಿಯಾಗಿ ಹಾಕೋ ಜಾಲರಿ ಮಾಸ್ಕ್ ಕಂಡ್ರೆ ಚಿಕ್ಕಪ್ಪನಿಗೆ ಭಯ, ನಾವು ಬಾಗಿಲವರೆಗೂ ಕೈ ಹಿಡ್ಕೊಂಡು ಹೋಗ್ತಿದ್ವಿ. ಸುಸ್ತು ಮಾತ್ರ ರೇಡಿಯೇಷನ್ ಮುಗಿದ ಮೇಲೂ ವಾರಗಟ್ಟಲೆ ಇತ್ತು.

ಚಿಕ್ಕಮ್ಮ ಒಂದು ನೋಟ್‌ಬುಕ್ ಇಟ್ಟಿದ್ರು, ಯಾವ ಮಾತ್ರೆ ಎಷ್ಟೊತ್ತಿಗೆ, ಎಷ್ಟು ನಿದ್ದೆ, ಯಾವಾಗ ರೇಗಿದ್ರು, ಎಲ್ಲಾ ಅದರಲ್ಲಿ. ಡಾಕ್ಟರ್ ಎರಡು ಪುಟ ಓದಿ, ರಾತ್ರಿ ಎಂಟಕ್ಕೆ ಕೊಡ್ತಿದ್ದ ಸ್ಟೀರಾಯ್ಡನ್ನ ಮಧ್ಯಾಹ್ನ ಒಂದಕ್ಕೆ ತಂದ್ರು. ನಾಲ್ಕನೇ ರಾತ್ರಿ ಚಿಕ್ಕಪ್ಪ ಒಂದೇ ಸಮ ಐದು ಗಂಟೆ ಮಲಗಿದ್ರು, ಚಿಕ್ಕಮ್ಮಾನೂ.